ಮನೆಯಲ್ಲೇನಿದೆ ಎಂದು ಕಳ್ಳರಿಗೆ ನಾವೇ ಹೇಳದಿರೋಣ: ಪದೇ ಪದೇ ಕೇಳುವ ಪ್ರಶ್ನೆಗಳು

ಕಳ್ಳನಿಗೆ ಮೂರು ಸಂಗತಿ ಗೊತ್ತಾಗಬೇಕು. ಏನಿದೆ, ಎಲ್ಲಿದೆ, ಯಾವಾಗ ಅಲ್ಲಿ ಯಾರೂ ಇರುವುದಿಲ್ಲ. ಈ ಮೂರನ್ನೂ ಅವನು ಕಷ್ಟಪಟ್ಟು ಪತ್ತೆ ಮಾಡುತ್ತಾನೆ ಎಂದು ನಾವು ಅಂದುಕೊಂಡಿರುತ್ತೇವೆ. ಎಷ್ಟೋ ಸಲ ಹೇಳಿದವರು ನಾವೇ ಆಗಿರುತ್ತೇವೆ. ಒಂದನ್ನು ಫೋಟೋ ಹೇಳಿರುತ್ತದೆ, ಇನ್ನೊಂದನ್ನು ಮನೆ ಮುಂದಿನ ಖಾಲಿ ಡಬ್ಬ ಹೇಳಿರುತ್ತದೆ, ಮತ್ತೊಂದು ಮಾತಿನ ನಡುವೆ ಬಾಯಿಂದ ಜಾರಿರುತ್ತದೆ. ಒಂದೊಂದಾಗಿ ನೋಡಿದರೆ ದೊಡ್ಡ ವಿಷಯವೇನಲ್ಲ. ಮೂರೂ ಒಬ್ಬನ ಕೈಗೆ ಸಿಕ್ಕಾಗ ತೊಂದರೆ. ಈ ಮೂರು ಒಂದೆಡೆ ಸೇರದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇಲ್ಲಿರುವ ಉತ್ತರಗಳ ತಿರುಳು.

ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ. ಕಳ್ಳರು ಇಲ್ಲಿಗ್ಯಾಕೆ ಬರುತ್ತಾರೆ?

ನಮ್ಮ ಲೆಕ್ಕ ಬೇರೆ, ಕಳ್ಳನ ಲೆಕ್ಕ ಬೇರೆ. ನಮಗೆ ಬೆಲೆಬಾಳುವ ವಸ್ತು ಅಂದರೆ ದುಡ್ಡು ಜಾಸ್ತಿ ಕೊಟ್ಟು ತಂದದ್ದು. ಅವನಿಗೆ ಬೇಕಾದ್ದು ಬೇಗ ಎತ್ತಿಕೊಂಡು ಹೋಗಬಹುದಾದ್ದು, ಬಟ್ಟೆಯೊಳಗೆ ಮುಚ್ಚಿಡಬಹುದಾದ್ದು, ನಾಳೆಯೇ ಮಾರಬಹುದಾದ್ದು. ಅಪರಾಧಗಳನ್ನು ಅಧ್ಯಯನ ಮಾಡಿದ ರೊನಾಲ್ಡ್ ಕ್ಲಾರ್ಕ್ 1999ರಲ್ಲಿ ಇದನ್ನೇ ಪಟ್ಟಿ ಮಾಡಿದರು. ಮುಚ್ಚಿಡಲು ಬರಬೇಕು, ಸಾಗಿಸಲು ಬರಬೇಕು, ಕೈಗೆ ಸಿಗುವಂತಿರಬೇಕು, ಬೆಲೆ ಇರಬೇಕು, ಇಟ್ಟುಕೊಳ್ಳಲು ಆಸೆಯಾಗಬೇಕು, ಮಾರಲು ಸುಲಭ ಇರಬೇಕು. ಫೋನು, ಲ್ಯಾಪ್‌ಟಾಪ್, ಉಂಗುರ, ನಗದು ಈ ಪಟ್ಟಿಗೆ ಸರಿಯಾಗಿ ಹೊಂದುತ್ತವೆ. ದೊಡ್ಡ ಫ್ರಿಜ್ಜು ಹೊಂದುವುದಿಲ್ಲ. ಹಾಗೆ ನೋಡಿದರೆ ಕಳ್ಳನ ಕಣ್ಣಿಗೆ ಬೀಳುವಂಥದ್ದು ಬಹುಪಾಲು ಎಲ್ಲರ ಮನೆಯಲ್ಲೂ ಇದೆ, ಅಲ್ವಾ?

ಗಟ್ಟಿ ಬೀಗ ಹಾಕಿದರೆ ಸಾಕಲ್ಲ? ಮುಚ್ಚುಮರೆ ಯಾಕೆ?

ಬೀಗ ಬೇಕೇ ಬೇಕು. ಆದರೆ ಬೀಗದ ಕೆಲಸ ಶುರುವಾಗುವುದು ಕಳ್ಳ ಬಾಗಿಲಿಗೆ ಬಂದ ಮೇಲೆ. ಅವನು ನಿಮ್ಮ ಬಾಗಿಲನ್ನೇ ಆರಿಸಿಕೊಳ್ಳದ ಹಾಗೆ ಮಾಡುವುದು ಅದಕ್ಕಿಂತ ಮೊದಲಿನ ಕೆಲಸ. ಸಮಾಜಶಾಸ್ತ್ರಜ್ಞರಾದ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಒಂದು ಸರಳ ವಿಚಾರ ಮುಂದಿಟ್ಟರು. ಕದಿಯುವ ಮನಸ್ಸಿರುವವನು, ಅವನಿಗೆ ತಕ್ಕ ವಸ್ತು, ಕಾಯುವವರು ಇಲ್ಲದ ಹೊತ್ತು, ಈ ಮೂರೂ ಒಂದೇ ಜಾಗದಲ್ಲಿ ಸೇರಿದಾಗ ಕಳ್ಳತನ ಆಗುತ್ತದೆ. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಉಳಿದ ಎರಡು ಹೊರಗಿನವರಿಗೆ ಎಷ್ಟು ಕಾಣಬೇಕು ಅನ್ನುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಪ್ರವಾಸದ ಫೋಟೋ ಹಾಕುವುದು ಅಷ್ಟು ಅಪಾಯವಾ?

ಫೋಟೋ ಹಾಕುವುದರಲ್ಲಿ ತಪ್ಪಿಲ್ಲ. ಯಾವಾಗ ಹಾಕುತ್ತೀರಿ ಅನ್ನುವುದು ಮುಖ್ಯ. ಕಡಲ ತೀರದಲ್ಲಿ ಮನೆಮಂದಿಯೆಲ್ಲ ನಿಂತಿರುವ ಫೋಟೋ ಆ ಗಳಿಗೆಯಲ್ಲೇ ಹಾಕಿದರೆ, ಮನೆ ಖಾಲಿ ಇದೆ ಎಂದು ಬರೆದು ಬಾಗಿಲಿಗೆ ಅಂಟಿಸಿದ ಹಾಗೆ.

ಇದು ಇತ್ತೀಚೆಗೆ ಗೊತ್ತಾದ ವಿಷಯವೇನೂ ಅಲ್ಲ. 2010ರಲ್ಲಿ ನೆದರ್‌ಲೆಂಡ್ಸ್‌ನ ಕೆಲವು ಯುವಕರು ‘ಪ್ಲೀಸ್ ರಾಬ್ ಮಿ’ ಅನ್ನುವ ವೆಬ್‌ಸೈಟ್ ಮಾಡಿದ್ದರು. ‘ದಯವಿಟ್ಟು ನನ್ನನ್ನು ದೋಚಿ’ ಎಂದು ಅದರ ಅರ್ಥ. ಆಗ ಫೋರ್‌ಸ್ಕ್ವೇರ್ ಎಂಬ ಆ್ಯಪ್‌ನಲ್ಲಿ ಜನ ಹೋದಲ್ಲೆಲ್ಲ ‘ನಾನು ಇಲ್ಲಿದ್ದೇನೆ’ ಎಂದು ಗುರುತು ಹಾಕಿ, ಅದನ್ನು ಟ್ವಿಟರ್‌ನಲ್ಲೂ ಹಂಚುತ್ತಿದ್ದರು. ಆ ಯುವಕರು ಯಾರ ಖಾತೆಗೂ ಕನ್ನ ಹಾಕಲಿಲ್ಲ. ಜನ ಬಹಿರಂಗವಾಗಿ ಹಾಕಿದ್ದನ್ನೇ ಒಂದು ಕಡೆ ಸೇರಿಸಿ ತೋರಿಸಿದರು, ಅಷ್ಟೇ. ಎಚ್ಚರಿಸುವುದು ಅವರ ಉದ್ದೇಶವಾಗಿತ್ತು. ಆಮೇಲೆ ಆ್ಯಪ್‌ಗಳು ಬದಲಾದವು, ನಮ್ಮ ಅಭ್ಯಾಸ ಬದಲಾಗಲಿಲ್ಲ.

ಹಾಗಾಗಿ ಫೋಟೋ ತೆಗೆಯಿರಿ, ಮನೆಗೆ ಬಂದು ಚೀಲ ಇಳಿಸಿದ ಮೇಲೆ ಹಾಕಿ. ಹೊರಡುವ ಮೊದಲಿನ ‘ಇನ್ನು ಮೂರೇ ದಿನ’ ಅನ್ನುವ ಪೋಸ್ಟ್ ಇನ್ನೂ ಕೆಟ್ಟದ್ದು. ಅದು ಕಳ್ಳನಿಗೆ ತಯಾರಿಗೆ ಸಮಯವನ್ನೂ ಕೊಡುತ್ತದೆ. ಆಫೀಸ್ ಇಮೇಲ್‌ನ ತಾನಾಗಿ ಹೋಗುವ ಉತ್ತರದಲ್ಲಿ ‘ಇಂಥ ದಿನದಿಂದ ಇಂಥ ದಿನದವರೆಗೆ ಊರಲ್ಲಿ ಇರುವುದಿಲ್ಲ’ ಎಂದು ಬರೆಯುವ ಬದಲು ‘ಉತ್ತರ ತಡವಾಗಬಹುದು’ ಎಂದರೆ ಸಾಕು. ಮನೆಯ ಎಲ್ಲರಿಗೂ ಇದನ್ನು ಹೇಳಿಡಿ. ನೀವು ಸುಮ್ನಿದ್ದರೂ ಮಗಳ ಸ್ಟೋರಿ, ಚಿಕ್ಕಪ್ಪನ ಸ್ಟೇಟಸ್ ವಿಷಯ ಹೇಳಿಬಿಡುತ್ತವೆ. ಮಕ್ಕಳ ಹತ್ತಿರ ಹೇಳುವಾಗ ಹೆದರಿಸಬೇಡಿ. ‘ವಾಪಸ್ ಬಂದ ಮೇಲೆ ಎಲ್ಲ ಒಟ್ಟಿಗೆ ಹಾಕೋಣ’ ಎಂದರೆ ಅವರಿಗೆ ಅರ್ಥವಾಗುತ್ತದೆ.

ನನ್ನ ಅಕೌಂಟ್ ಪ್ರೈವೇಟ್ ಇದೆ. ಇನ್ನೇನು ಭಯ?

ಅದು ಒಳ್ಳೆಯದೇ, ಹಾಗೇ ಇರಲಿ. ಆದರೆ ನಿಮ್ಮ ಪಟ್ಟಿಯಲ್ಲಿರುವ ಎಲ್ಲರನ್ನೂ ನೀವು ಬಲ್ಲಿರಾ? ಒಮ್ಮೆ ಬಿಡುವಾದಾಗ ಮೇಲಿಂದ ಕೆಳಗೆ ನೋಡಿ. ಎಂದೋ ಸೇರಿಸಿಕೊಂಡವರು, ಮುಖವೇ ನೆನಪಿಲ್ಲದವರು ಸಿಗುತ್ತಾರೆ. ಫೋನಿನಲ್ಲಿ ನಂಬರ್ ಉಳಿಸಿಕೊಂಡ ಕಾರಣಕ್ಕೆ ಸ್ಟೇಟಸ್ ನೋಡುವವರಲ್ಲಿ ಒಂದೇ ಸಲ ರಿಪೇರಿಗೆ ಬಂದು ಹೋದವರೂ ಇರುತ್ತಾರೆ. ಅವರನ್ನು ಅನುಮಾನಿಸಬೇಕಾಗಿಲ್ಲ. ಆದರೆ ಅವರಿಗೆ ನಿಮ್ಮ ಮನೆ ಗೊತ್ತು, ನೀವು ಊರಲ್ಲಿಲ್ಲ ಅನ್ನುವುದೂ ಗೊತ್ತಾಯಿತು. ಅಷ್ಟರ ಅಗತ್ಯ ಇರಲಿಲ್ಲ.

ಒಂದು ಫೋಟೋದಿಂದ ಏನೇನು ಗೊತ್ತಾಗಬಹುದು?

ನಾವು ನೋಡುವುದು ಮುಖಗಳನ್ನು. ಬೇರೆಯವರು ಹಿನ್ನೆಲೆಯನ್ನೂ ನೋಡಬಹುದು. ಗೋಡೆಯ ಟಿವಿ, ಮೇಜಿನ ಮೇಲಿನ ಕ್ಯಾಮೆರಾ, ಅರ್ಧ ತೆರೆದ ಬೀರು, ಕಿಟಕಿಗೆ ಸರಳು ಇದೆಯೋ ಇಲ್ಲವೋ, ಎದುರಿನ ಕಟ್ಟಡದ ಹೆಸರು.

ಕಣ್ಣಿಗೆ ಕಾಣದ ಮಾಹಿತಿಯೂ ಇರುತ್ತದೆ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ, ಫೋಟೋ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಆ ಫೈಲ್‌ನೊಳಗೇ ಸೇರುತ್ತದೆ. 2012ರ ಡಿಸೆಂಬರ್‌ನಲ್ಲಿ ಆ್ಯಂಟಿವೈರಸ್ ಉದ್ಯಮಿ ಜಾನ್ ಮ್ಯಾಕಫಿ ಪೊಲೀಸರ ಕಣ್ಣು ತಪ್ಪಿಸಿ ಓಡಾಡುತ್ತಿದ್ದರು. ಅವರ ಜತೆ ಇದ್ದ ಪತ್ರಕರ್ತರು ಹಾಕಿದ ಒಂದೇ ಒಂದು ಫೋಟೋದೊಳಗಿನ ಈ ಮಾಹಿತಿಯಿಂದ ಅವರು ಗ್ವಾಟೆಮಾಲಾದಲ್ಲಿದ್ದಾರೆ ಎಂದು ಇಡೀ ಜಗತ್ತಿಗೆ ತಿಳಿಯಿತು. ದೊಡ್ಡ ಸಾಮಾಜಿಕ ಜಾಲತಾಣಗಳು ಫೋಟೋ ತೋರಿಸುವಾಗ ಈ ಮಾಹಿತಿಯನ್ನು ತೆಗೆದುಹಾಕುತ್ತವೆ. ಆದರೆ ಇಮೇಲ್‌ನಲ್ಲಿ ಮೂಲ ಫೈಲ್ ಕಳಿಸಿದರೆ ಅದು ಹಾಗೇ ಹೋಗುತ್ತದೆ. ಕ್ಯಾಮೆರಾ ಆ್ಯಪ್‌ಗೆ ಲೊಕೇಶನ್ ಅನುಮತಿ ತೆಗೆದುಬಿಟ್ಟರೆ ಈ ತಲೆನೋವೇ ಇಲ್ಲ.

ಬೀಗದ ಕೈ ಹಿಡಿದ ಫೋಟೋ ದಯವಿಟ್ಟು ಹಾಕಬೇಡಿ. ಹೊಸ ಮನೆಯ ಖುಷಿಯಲ್ಲಿ ತುಂಬಾ ಜನ ಹಾಕುತ್ತಾರೆ, ಆ ಖುಷಿ ನನಗೂ ಅರ್ಥವಾಗುತ್ತದೆ. ಆದರೆ ಕೀಲಿಯ ಗುಟ್ಟು ಇರುವುದು ಅದರ ಹಲ್ಲುಗಳ ಏರಿಳಿತದಲ್ಲಿ, ಫೋಟೋದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೋ ವಿಭಾಗದ ಸಂಶೋಧಕರು ಫೋಟೋ ನೋಡಿಯೇ ಕೀಲಿಯ ಅಳತೆ ಲೆಕ್ಕ ಹಾಕುವ ಸಾಫ್ಟ್‌ವೇರ್ ಮಾಡಿ ತೋರಿಸಿದರು. ಸುಮಾರು 60 ಮೀಟರ್ ದೂರದಿಂದ ತೆಗೆದ ಚಿತ್ರವೂ ಅವರಿಗೆ ಸಾಕಾಗಿತ್ತು.

ವಿಮಾನದ ಬೋರ್ಡಿಂಗ್ ಪಾಸ್ ಕೂಡ ಹಾಗೆಯೇ. ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಅಬಾಟ್ 2020ರಲ್ಲಿ ತಮ್ಮ ಪಾಸ್‌ನ ಫೋಟೋವನ್ನು ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದರು. ಅದರಲ್ಲಿದ್ದ ಬುಕಿಂಗ್ ಸಂಖ್ಯೆ ಹಿಡಿದು ಒಬ್ಬ ಹವ್ಯಾಸಿ ಭದ್ರತಾ ತಜ್ಞ ಅವರ ಪಾಸ್‌ಪೋರ್ಟ್ ಸಂಖ್ಯೆ, ಫೋನ್ ನಂಬರ್ ತನಕ ತಲುಪಿದ. ಅವನು ಒಳ್ಳೆಯವನು, ಅದನ್ನು ಸಂಬಂಧಪಟ್ಟವರಿಗೆ ತಿಳಿಸಿದ. ನೋಡಿದವರೆಲ್ಲ ಹಾಗಿರುವುದಿಲ್ಲ.

ಒಡವೆ ಹಾಕಿಕೊಂಡ ಫೋಟೋ ಹಾಕಲೇಬಾರದಾ?

ಹಾಕಿಕೊಂಡು ಸಂತೋಷ ಪಡುವುದು ನಿಮ್ಮ ಹಕ್ಕು. ಒಡವೆ ಇದೆ ಎಂದ ಮಾತ್ರಕ್ಕೆ ಕಳ್ಳತನ ಆಗುವುದಿಲ್ಲ. ಒಡವೆ, ಜಾಗ, ಸಮಯ ಮೂರೂ ಜತೆಯಾಗಿ ಸಿಕ್ಕಾಗ ಆಗುತ್ತದೆ. 2016ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ಅವರಿಗೆ ಹೀಗೇ ಆಯಿತು. ಪೊಲೀಸರ ವೇಷದಲ್ಲಿ ಬಂದವರು ಬಂದೂಕು ತೋರಿಸಿ, ಕಟ್ಟಿಹಾಕಿ, ದೊಡ್ಡ ವಜ್ರದ ಉಂಗುರ ಸೇರಿ ಒಡವೆಗಳನ್ನು ದೋಚಿದರು. ಉಂಗುರದ ಫೋಟೋಗಳು ಅದಕ್ಕೂ ಮೊದಲೇ ಇಂಟರ್‌ನೆಟ್‌ನಲ್ಲಿದ್ದವು. ಸಿಕ್ಕಿಬಿದ್ದವರಲ್ಲಿ ಒಬ್ಬ, ಒಡವೆಯ ವಿಷಯವೂ ಅವರು ಬರುವ ದಿನವೂ ಇಂಟರ್‌ನೆಟ್‌ನಲ್ಲೇ ಸಿಕ್ಕಿತು ಎಂದು ಪೊಲೀಸರಿಗೆ ಹೇಳಿದ. 2025ರ ಮೇ ತಿಂಗಳಲ್ಲಿ ನ್ಯಾಯಾಲಯ ಎಂಟು ಜನರನ್ನು ತಪ್ಪಿತಸ್ಥರೆಂದು ಹೇಳಿತು. ಆದರೆ ಆ ರಾತ್ರಿ ಅನುಭವಿಸಿದ ಭಯ ಯಾವ ತೀರ್ಪಿನಿಂದಲೂ ಹೋಗುವುದಿಲ್ಲ.

ನಾವು ಅಷ್ಟು ಹೆಸರುವಾಸಿಗಳಲ್ಲ, ನಿಜ. ನಮ್ಮ ಸುತ್ತ ಕಾವಲುಗಾರರೂ ಇಲ್ಲ. ಸಮಾರಂಭದ ಫೋಟೋ ಹಾಕಿದಾಗ ‘ಈ ಸರ ಈಗ ಮನೆಯಲ್ಲೇ ಇದೆಯಾ, ಲಾಕರ್‌ನಲ್ಲಾ’ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಬೇಡಿ. ತೂಕ, ಬೆಲೆ ಬರೆಯಬೇಡಿ. ಫೋಟೋದಲ್ಲಿ ವಸ್ತು ಇರಲಿ, ವಿಳಾಸ ಬೇಡ.

ಡಿಜಿಟಲ್ ಆಸ್ತಿಗೂ ಇದೇ ಮಾತಾ?

ಅದಕ್ಕೆ ಇನ್ನೂ ಜಾಸ್ತಿ. ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣವನ್ನು ಒಮ್ಮೆ ಬೇರೆಯವರಿಗೆ ಕಳಿಸಿದರೆ ವಾಪಸ್ ಪಡೆಯುವುದು ಬಹಳ ಕಷ್ಟ. ಹಾಗಾಗಿ ದುಷ್ಟರು ಬೀಗ ಮುರಿಯುವ ಬದಲು ಮನುಷ್ಯರನ್ನೇ ಹಿಡಿಯುತ್ತಾರೆ. ಇಂಥ ಆಸ್ತಿ ಕಾಯುವ ಸಾಧನ ತಯಾರಿಸುವ ಲೆಡ್ಜರ್ ಕಂಪನಿಯ ಸುಮಾರು 2,70,000 ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್‌ಗಳು 2020ರಲ್ಲಿ ಸೋರಿಕೆಯಾದವು. ಯಾರ ಮನೆಯಲ್ಲಿ ಹುಡುಕಬೇಕು ಅನ್ನುವ ಪಟ್ಟಿಯೇ ಸಿಕ್ಕಂತಾಯಿತು. 2025ರ ಜನವರಿಯಲ್ಲಿ ಅದೇ ಕಂಪನಿಯ ಸಹಸಂಸ್ಥಾಪಕರೊಬ್ಬರನ್ನು ಫ್ರಾನ್ಸ್‌ನಲ್ಲಿ ಮನೆಯಿಂದಲೇ ಅಪಹರಿಸಿದ್ದರು. ಪೊಲೀಸರು ಬಿಡಿಸಿಕೊಂಡು ಬಂದರು. ಎಷ್ಟಿದೆ ಎಂದು ಯಾರಿಗೂ ಹೇಳಬೇಡಿ. ಲಾಭದ ಸ್ಕ್ರೀನ್‌ಶಾಟ್ ಅಂತೂ ಬೇಡವೇ ಬೇಡ.

ನಡಿಗೆ, ಸೈಕಲ್ ಸವಾರಿ ದಾಖಲಿಸುವ ಆ್ಯಪ್‌ಗಳಿಂದ ತೊಂದರೆ ಉಂಟಾ?

ಉಂಟು. ದಿನಾ ಒಂದೇ ಜಾಗದಲ್ಲಿ ಶುರುವಾಗಿ ಅಲ್ಲೇ ಮುಗಿಯುವ ಗೆರೆ ನಿಮ್ಮ ಮನೆಯನ್ನು ತೋರಿಸುತ್ತದೆ. ಯಾವ ಹೊತ್ತಿಗೆ ಮನೆಯಲ್ಲಿ ಇರುವುದಿಲ್ಲ ಎಂದೂ ಹೇಳುತ್ತದೆ. ಜತೆಗೆ ಸೈಕಲ್ಲಿನ ಕಂಪನಿ, ಮಾಡೆಲ್ ಬರೆದಿದ್ದರೆ ಮೂರೂ ಸಿಕ್ಕವು. 2018ರ ಜನವರಿಯಲ್ಲಿ ಸ್ಟ್ರಾವಾ ಆ್ಯಪ್‌ನ ನಕ್ಷೆಯಲ್ಲಿ ಸೈನಿಕರು ಓಡಿದ ದಾರಿಗಳಿಂದ ಸೇನಾ ನೆಲೆಗಳ ಆಕಾರವೇ ಕಾಣಿಸಿಕೊಂಡು ಸುದ್ದಿಯಾಗಿತ್ತು. ಸೇನೆಯ ಗುಟ್ಟೇ ಹೊರಬಿದ್ದ ಮೇಲೆ ನಮ್ಮದೇನು? ಶುರುವಿನ ಮತ್ತು ಕೊನೆಯ ಜಾಗ ಮರೆಮಾಡುವ ಸೌಲಭ್ಯ ಸೆಟ್ಟಿಂಗ್ಸ್‌ನಲ್ಲಿ ಇದೆ. ಇವತ್ತೇ ಆನ್ ಮಾಡಿ.

ಮನೆಯ ಹೊರಗಿನಿಂದ ಏನು ಕಾಣಬಾರದು?

ಸಂಜೆ ದೀಪ ಹಾಕಿದ ಮೇಲೆ ಒಮ್ಮೆ ರಸ್ತೆಗೆ ಹೋಗಿ ನಿಂತು ನಿಮ್ಮ ಮನೆಯನ್ನೇ ನೋಡಿ. ಬೇರೆ ಯಾವ ಸಲಹೆಗಿಂತಲೂ ಇದು ಹೆಚ್ಚು ಕಲಿಸುತ್ತದೆ. ಹಗಲು ಒಳಗಿನದು ಕಾಣುವುದಿಲ್ಲ, ಕತ್ತಲಾದ ಮೇಲೆ ಕಿಟಕಿ ಟಿವಿ ಪರದೆಯ ಹಾಗೆ ಎಲ್ಲವನ್ನೂ ತೋರಿಸುತ್ತದೆ. ದೀಪ ಹಾಕುವ ಮೊದಲೇ ಪರದೆ ಎಳೆಯುವ ಅಭ್ಯಾಸ ಮಾಡಿಕೊಳ್ಳಿ. ಕಿಟಕಿ ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪ್ ಬಿಡಬೇಡಿ. ಬಾಗಿಲ ಬಳಿಯ ಮೊಳೆಗೆ ಕೀಲಿ ನೇತುಹಾಕಬೇಡಿ.

ಖಾಲಿ ಡಬ್ಬಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ಹೊಸ ಟಿವಿ, ಕಂಪ್ಯೂಟರ್, ಫೋನು ತಂದ ದಿನ ಅದರ ರಟ್ಟಿನ ಡಬ್ಬವನ್ನು ಇಡಿಯಾಗಿ ಕಸದ ಪಕ್ಕ ಇಡುತ್ತೇವೆ. ಡಬ್ಬದ ಮೇಲೆ ಕಂಪನಿ, ಮಾಡೆಲ್, ಅಳತೆ ಎಲ್ಲ ದೊಡ್ಡದಾಗಿ ಅಚ್ಚಾಗಿರುತ್ತದೆ. ಎಷ್ಟೋ ಸಲ ನಮ್ಮ ಹೆಸರು, ಮನೆ ನಂಬರ್ ಇರುವ ಚೀಟಿಯೂ ಅದರ ಮೇಲೇ ಇರುತ್ತದೆ. ಡಬ್ಬ ಹರಿದು, ಚಿತ್ರದ ಬದಿ ಒಳಗೆ ಬರುವಂತೆ ಮಡಚಿ, ವಿಳಾಸದ ಚೀಟಿ ಕಿತ್ತು ಹಾಕಿ. ಎರಡು ನಿಮಿಷದ ಕೆಲಸ.

ಊರಿಗೆ ಹೋದಾಗ ಬಾಗಿಲ ಮುಂದೆ ಪತ್ರ, ಪೇಪರ್, ಪಾರ್ಸೆಲ್ ರಾಶಿ ಬೀಳದಂತೆ ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಒಂದು ದೀಪ ಹಗಲೂ ರಾತ್ರಿ ಉರಿಯುತ್ತಿದ್ದರೆ ಅದೂ ಮನೆ ಖಾಲಿ ಎಂದೇ ಹೇಳುತ್ತದೆ. ಸಂಜೆ ಹತ್ತಿ ರಾತ್ರಿ ಆರುವ ಟೈಮರ್ ಹಾಕುವುದು ಮೇಲು.

ಕಾರಿನಲ್ಲಿ ವಸ್ತು ಬಿಡಬೇಕಾಗಿ ಬಂದರೆ?

ಬಿಡದಿರುವುದೇ ಒಳ್ಳೆಯದು. ಬಿಡಲೇಬೇಕಿದ್ದರೆ ಹೊರಡುವ ಮೊದಲೇ ಡಿಕ್ಕಿಗೆ ಹಾಕಿ. ಗಾಡಿ ನಿಲ್ಲಿಸಿದ ಜಾಗದಲ್ಲಿ ಎಲ್ಲರೆದುರು ಚೀಲವನ್ನು ಡಿಕ್ಕಿಗೆ ಸಾಗಿಸಿದರೆ ತೋರಿಸಿಕೊಟ್ಟಂತಾಯಿತು. ಖಾಲಿ ಚೀಲವನ್ನೂ ಸೀಟಿನ ಮೇಲೆ ಬಿಡಬೇಡಿ, ಅದು ಖಾಲಿ ಎಂದು ಗಾಜು ಒಡೆಯುವವನಿಗೆ ಗೊತ್ತಿರುವುದಿಲ್ಲ. ಚಾರ್ಜರ್ ವೈರು, ಫೋನ್ ಸ್ಟ್ಯಾಂಡು ಕಂಡರೆ ಫೋನೂ ಇಲ್ಲೇ ಎಲ್ಲೋ ಇದೆ ಅನಿಸುತ್ತದೆ.

ಕೀಲಿ ತಿರುಗಿಸದೆ ತೆರೆಯುವ ಕಾರು ಇದ್ದರೆ ಇನ್ನೊಂದು ಎಚ್ಚರ. ಮನೆಯೊಳಗಿನ ಕೀಲಿಯ ಸಿಗ್ನಲ್ಲನ್ನು ಒಬ್ಬ ಬಾಗಿಲ ಹೊರಗೆ ನಿಂತು ಹಿಡಿದು, ಕಾರಿನ ಬಳಿ ಇರುವ ಇನ್ನೊಬ್ಬನಿಗೆ ಕಳಿಸುವ ಕಳ್ಳತನ ಇದೆ. ಕೀಲಿಯನ್ನು ಮುಂಬಾಗಿಲಿನಿಂದ ದೂರ, ಸಿಗ್ನಲ್ ತಡೆಯುವ ಚೀಲದಲ್ಲಿ ಇಡಿ.

ಬೀದಿಯಲ್ಲಿ, ಬಸ್ಸಿನಲ್ಲಿ ಓಡಾಡುವಾಗ?

ಜನಜಂಗುಳಿಯಲ್ಲಿ ಪದೇ ಪದೇ ಜೇಬು ಮುಟ್ಟಿ ನೋಡಿಕೊಳ್ಳಬೇಡಿ. ‘ಜೇಬುಗಳ್ಳರಿದ್ದಾರೆ’ ಎಂಬ ಫಲಕ ಓದಿದ ಕೂಡಲೇ ಕೈ ತಾನಾಗಿ ಪರ್ಸಿನ ಕಡೆ ಹೋಗುತ್ತದೆ, ಪರ್ಸ್ ಯಾವ ಜೇಬಿನಲ್ಲಿದೆ ಎಂದು ನೋಡುತ್ತಿರುವವನಿಗೆ ತಿಳಿಯುತ್ತದೆ. ಮೊದಲೇ ಒಳಜೇಬಿಗೆ ಹಾಕಿ, ಆಮೇಲೆ ಮುಟ್ಟಬೇಡಿ. ಸಣ್ಣ ಖರ್ಚಿನ ದುಡ್ಡು ಬೇರೆ ಕಡೆ ಇರಲಿ, ಎಲ್ಲರೆದುರು ನೋಟಿನ ಕಟ್ಟು ಬಿಚ್ಚುವುದು ತಪ್ಪುತ್ತದೆ.

ಕೆಲವು ವಸ್ತುಗಳು ತಮ್ಮ ಗುರುತನ್ನು ತಾವೇ ಸಾರುತ್ತವೆ. 2001ರಲ್ಲಿ ಐಪಾಡ್ ಬಂದಾಗ ಅದರ ಬಿಳಿ ಇಯರ್‌ಫೋನ್ ಎಲ್ಲರಿಗೂ ಪರಿಚಯವಾಯಿತು. ಜೇಬಿನೊಳಗಿನದು ಕಾಣದಿದ್ದರೂ ಬಿಳಿ ವೈರ್ ಸಾಕಾಗುತ್ತಿತ್ತು. ಕ್ಯಾಮೆರಾ ಪಟ್ಟಿಯ ಮೇಲಿನ ದೊಡ್ಡ ಹೆಸರು, ಲ್ಯಾಪ್‌ಟಾಪ್‌ಗೆಂದೇ ಮಾಡಿದ ಚೀಲ ಇವತ್ತು ಅದೇ ಕೆಲಸ ಮಾಡುತ್ತಿವೆ. ಸಾದಾ ಚೀಲ, ಸಾದಾ ಪಟ್ಟಿ ಬಳಸಿ.

ಫೋನಿನ ಪಿನ್ ಒತ್ತುವಾಗ ಕೈ ಅಡ್ಡ ಹಿಡಿಯಿರಿ. ಪಿನ್ ನೋಡಿಕೊಂಡು ಆಮೇಲೆ ಫೋನ್ ಕಿತ್ತುಕೊಂಡರೆ ಬ್ಯಾಂಕ್ ಖಾತೆಯವರೆಗೂ ದಾರಿ ಸಿಗಬಹುದು. ಇದಕ್ಕೆಂದೇ 2024ರ ಜನವರಿಯಲ್ಲಿ ಐಫೋನ್ ನಡೆಸುವ ಸಾಫ್ಟ್‌ವೇರ್ ಐಒಎಸ್ 17.3ರ ಜತೆ ಆ್ಯಪಲ್ ‘ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್’ ಎಂಬ ರಕ್ಷಣೆ ಕೊಟ್ಟಿತು. ಪರಿಚಿತ ಜಾಗದಿಂದ ಹೊರಗಿದ್ದಾಗ ಉಳಿಸಿಟ್ಟ ಪಾಸ್‌ವರ್ಡ್ ನೋಡಲು ಪಿನ್ ಮಾತ್ರ ಸಾಲದು, ಮುಖ ಅಥವಾ ಬೆರಳೇ ಬೇಕು. ಐಫೋನ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಅದು ಆನ್ ಇದೆಯಾ ನೋಡಿ.

ಮನೆಯೊಳಗೆ ಎಲ್ಲಿ ಇಡುವುದು ಒಳ್ಳೆಯದು?

ಮಲಗುವ ಕೋಣೆಯ ಬೀರು, ಹಾಸಿಗೆಯ ಕೆಳಗೆ, ಬಟ್ಟೆಗಳ ನಡುವೆ. ನಮಗೆಲ್ಲ ಮೊದಲು ಹೊಳೆಯುವ ಜಾಗಗಳಿವು, ಕಳ್ಳನಿಗೂ ಇವೇ ಮೊದಲು ಹೊಳೆಯುತ್ತವೆ. ನೆಲಕ್ಕೋ ಗೋಡೆಗೋ ಬೋಲ್ಟ್ ಹಾಕಿ ಕೂರಿಸಿದ ತಿಜೋರಿ ಒಳ್ಳೆಯದು. ಸುಮ್ನೆ ಇಟ್ಟ ಸಣ್ಣ ತಿಜೋರಿಯನ್ನು ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗಬಹುದು. ಅಪರೂಪಕ್ಕೆ ಹೊರಬರುವ ವಸ್ತು ಬ್ಯಾಂಕ್ ಲಾಕರ್‌ನಲ್ಲೇ ಇರಲಿ.

ಮನೆಗೆ ಬಂದು ಹೋಗುವವರ ಹತ್ತಿರ ಹೇಗಿರಬೇಕು?

ಗೌರವದಿಂದ ಇರಬೇಕು. ರಿಪೇರಿಗೆ, ಕೆಲಸಕ್ಕೆ ಬರುವವರನ್ನೆಲ್ಲ ಕಳ್ಳರಂತೆ ಕಾಣುವುದು ಅನ್ಯಾಯ, ಅದರಿಂದ ರಕ್ಷಣೆಯೂ ಸಿಗುವುದಿಲ್ಲ. ಅವರು ಬರುವ ಮೊದಲು ಮೇಜಿನ ಮೇಲಿನದನ್ನು ಎತ್ತಿಟ್ಟರೆ ಅವರಿಗೂ ನೆಮ್ಮದಿ, ನಮಗೂ ನೆಮ್ಮದಿ. ನಿಜವಾದ ಸೋರಿಕೆ ನಮ್ಮ ಮಾತಿನಲ್ಲಿದೆ. ಬಸ್ಸಿನಲ್ಲಿ ಜೋರಾಗಿ ಫೋನಿನಲ್ಲಿ ‘ನಾಳೆಯಿಂದ ಮನೆಗೆ ಬೀಗ, ಕೀಲಿ ಹೂಕುಂಡದ ಕೆಳಗಿದೆ’ ಎಂದರೆ ಕೇಳಿಸಿಕೊಳ್ಳುವವರು ಒಬ್ಬರೇ ಅಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳುವುದು ಇಲ್ಲಿಗೂ ಸಲ್ಲುತ್ತದೆ.

ಹಳೆಯ ವಸ್ತು ಆನ್‌ಲೈನ್‌ನಲ್ಲಿ ಮಾರುವಾಗ?

ಬಿಳಿ ಗೋಡೆಯ ಮುಂದಿಟ್ಟು ಫೋಟೋ ತೆಗೆಯಿರಿ, ಇಡೀ ಕೋಣೆ ತೋರಿಸಬೇಡಿ. ಜನ ಓಡಾಡುವ ಜಾಗದಲ್ಲಿ ಭೇಟಿಯಾಗಿ. ‘ಹೊಸದು ತಗೊಂಡೆ, ಅದಕ್ಕೇ ಮಾರುತ್ತಿದ್ದೇನೆ’ ಎಂದು ಬರೆಯಬೇಡಿ.

ನಮ್ಮ ಮನೆಯಲ್ಲಿ ಆಗಲೇ ಕಳ್ಳತನ ಆಗಿದೆ. ತಪ್ಪು ನನ್ನದೇನಾ?

ಇಲ್ಲ. ಪರದೆ ತೆರೆದಿದ್ದರೂ, ಫೋಟೋ ಹಾಕಿದ್ದರೂ, ಕದ್ದವನದೇ ತಪ್ಪು. ಯಾರಾದರೂ ‘ನೀವೇ ಜೋಪಾನ ಮಾಡಬೇಕಿತ್ತು’ ಎಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಆದರೆ ಒಂದು ಮಾತು ತಿಳಿದಿರಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಕೇಳಿ, ಇನ್ನು ಎಚ್ಚರ ವಹಿಸಿ ಏನು ಫಲ ಅಂದುಕೊಳ್ಳಬೇಡಿ. ಒಮ್ಮೆ ಕಳ್ಳತನವಾದ ಮನೆಗೆ, ಅದರ ಅಕ್ಕಪಕ್ಕದ ಮನೆಗಳಿಗೆ, ಮುಂದಿನ ಕೆಲವು ವಾರ ಮತ್ತೆ ಕಳ್ಳರು ಬರುವ ಸಾಧ್ಯತೆ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಒಳದಾರಿ ಅವನಿಗೆ ಈಗ ಗೊತ್ತು. ಕಳೆದುಹೋದ ವಸ್ತುವಿನ ಜಾಗಕ್ಕೆ ಹೊಸದು ಬಂದಿರುತ್ತದೆ ಎಂದೂ ಊಹಿಸಬಲ್ಲ. ಬೀಗ ಬದಲಿಸಿ, ನೆರೆಯವರಿಗೂ ಹೇಳಿ.

ಹೊಸದು ತಂದ ದಿನವೇ ಅದರ ಸೀರಿಯಲ್ ನಂಬರ್ ಬರೆದಿಡಿ. ಫೋನಾದರೆ *#06# ಒತ್ತಿ, ಆ ಫೋನನ್ನು ಗುರುತಿಸುವ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಒಡವೆಗಳ ಫೋಟೋ ತೆಗೆದು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಪೊಲೀಸರಿಗೆ ದೂರು ಕೊಡುವಾಗ, ವಿಮೆ ಕೇಳುವಾಗ ಬೇಕಾಗುತ್ತದೆ. ಆಮೇಲೆ ಡಬ್ಬ ಹರಿದು, ಚಿತ್ರ ಒಳಗೆ ಮಾಡಿ ಮಡಚಿ ಕಸಕ್ಕೆ ಹಾಕಿ.